ಕೆನ್ನೆ ರಜೆ

ನಮ್ಮೂರಿನಲ್ಲಿ ಹೆಣ್ಣು ಕೊಡುವವರು ಗಂಡಿನ ಸಂಬಳ ಕೇಳುವ ಮೊದಲು ಅವನ ಎಡಗೆನ್ನೆ ನೋಡುತ್ತಾರೆ. ಅಲ್ಲೊಂದು ಬರೆಯೋ ಕಲೆಯೋ ಕಂಡರೆ, "ಓಹೋ, ತಪಾಸಣೆ ಕಚೇರಿಯವರು" ಎಂದು ಉಪ್ಪಿಟ್ಟು ಕೊಟ್ಟು ಮರ್ಯಾದೆಯಿಂದ ಕಳಿಸಿಬಿಡುತ್ತಾರೆ. ನಾನು ಏಳು ಮನೆಗಳಲ್ಲಿ ಉಪ್ಪಿಟ್ಟು ತಿಂದೆ. ಎಂಟನೆಯ ಮನೆಗೆ ಹೋಗುವ ಉತ್ಸಾಹ ಉಳಿಯಲಿಲ್ಲ. ಈಗ ವಯಸ್ಸು ಐವತ್ತೆರಡು, ಒಬ್ಬನೇ ಇದ್ದೇನೆ, ಅದರ ಬಗ್ಗೆ ಹೇಳಿಕೊಳ್ಳುವಂಥ ದುಃಖವೇನೂ ಇಲ್ಲ. ಐದನೆಯ ಮನೆಯ ಉಪ್ಪಿಟ್ಟು ಮಾತ್ರ ಬಹಳ ಚೆನ್ನಾಗಿತ್ತು.

ನನ್ನ ಹೆಸರು ನೇಮಿರಾಜ. ಬಂದರಿನ ತಪಾಸಣೆ ಕಚೇರಿಯಲ್ಲಿ ಆಟಿಕೆ ವಿಭಾಗದ ಇನ್‌ಸ್ಪೆಕ್ಟರು. ಹಡಗಿನಲ್ಲಿ ಬರುವ ಬ್ಯಾಟರಿ ಆಟಿಕೆಗಳೆಲ್ಲ, ಕುಣಿಯುವ ಕರಡಿಯಿಂದ ಹಿಡಿದು ರಿಮೋಟಿನ ಕಾರಿನವರೆಗೆ, ಅಂಗಡಿಗೆ ಹೋಗುವ ಮೊದಲು ನಮ್ಮ ಮೇಜಿಗೆ ಬರಬೇಕು. ಮೊದಲಿಗೆ ಎಲ್ಲ ಊರುಗಳಲ್ಲೂ ನಡೆಯುವಂಥದೇ ಪರೀಕ್ಷೆ. ಮಾಲಿನಲ್ಲಿ ಹತ್ತನ್ನು ತೆಗೆದು ಎದೆಯೆತ್ತರದಿಂದ ಕಲ್ಲುನೆಲದ ಮೇಲೆ ಬೀಳಿಸುತ್ತೇವೆ. ಹೊಲಿಗೆ ಹಿಡಿದು ಎಳೆಯುತ್ತೇವೆ. ಬ್ಯಾಟರಿ ಕೂರುವ ಜಾಗದ ಮುಚ್ಚಳಕ್ಕೆ ಸ್ಕ್ರೂ ಇದೆಯೇ ನೋಡುತ್ತೇವೆ. ಕಳಚಿ ಬಂದ ತುಂಡುಗಳನ್ನು ಮಗುವಿನ ಗಂಟಲಿನಷ್ಟೇ ಅಗಲದ ಕೊಳವೆಗೆ ಹಾಕಿ, ಒಳಗೆ ಇಳಿದರೆ ಇಡೀ ಮಾಲನ್ನೇ ವಾಪಸು ಕಳಿಸುತ್ತೇವೆ. ಇದಿಷ್ಟು ಮುಗಿದ ಮೇಲೆ ನಮ್ಮೂರಿನ ಪರೀಕ್ಷೆ. ಒಂದೊಂದು ಆಟಿಕೆಯನ್ನೂ ಎಡಗೆನ್ನೆಗೆ ಒತ್ತಿ ಇಪ್ಪತ್ತರವರೆಗೆ ಎಣಿಸಬೇಕು. ಮುಂದೊಂದು ದಿನ ಅದರಿಂದ ಯಾವ ಮಗುವಿಗಾದರೂ ಪೆಟ್ಟಾಗುವುದಿದ್ದರೆ ಆ ನೋವು ಮೊದಲು ನಮಗೆ ಬರುತ್ತದೆ. ಸುಡುವುದಿದ್ದರೆ ಕೆನ್ನೆ ಸುಡುತ್ತದೆ, ಕೊಯ್ಯುವುದಿದ್ದರೆ ಕೊಯ್ದಂತಾಗುತ್ತದೆ, ಮಗು ಗುಂಡಿ ಬ್ಯಾಟರಿ ನುಂಗುವುದಿದ್ದರೆ ಉರಿ ಗಂಟಲಿನವರೆಗೂ ಇಳಿಯುತ್ತದೆ. ನೋವು ಬಂದರೆ ಕಲೆಯೂ ಬರುತ್ತದೆ, ಮೂರು ದಿನ ಇರುತ್ತದೆ. ಆ ಮೂರು ದಿನದೊಳಗೆ ಇನ್ನೊಂದು ಬಂದಿರುತ್ತದೆ. ಬಲಗೆನ್ನೆಗೆ ಇದೊಂದೂ ತಿಳಿಯುವುದಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆಯನ್ನು ನಮ್ಮ ಕಚೇರಿಯವರನ್ನು ನೋಡಿಯೇ ಮಾಡಿದ್ದಾರೆ ಎಂದು ಊರಿನವರು ತಮಾಷೆ ಮಾಡುತ್ತಾರೆ. ಆದರೆ ಸಂಜೆ ಬಸ್‌ ಸ್ಟಾಪಿನಲ್ಲಿ ನಿಂತರೆ, ಮೀನಿನ ಬುಟ್ಟಿ ಹೊತ್ತ ಹೆಂಗಸರು "ಇವತ್ತೇನು ಸಾರ್, ಸುಟ್ಟಿದ್ದೋ ಕೊಯ್ದಿದ್ದೋ?" ಎಂದು ವಿಚಾರಿಸದೆ ಹೋಗುವುದಿಲ್ಲ. ಟೀ ಅಂಗಡಿಯವರು ಗ್ಲಾಸಿನ ಜೊತೆ ಒಂದು ಚೂರು ಐಸು ಕೊಡುತ್ತಾರೆ. ಮಕ್ಕಳಿಗೆ ನಾವೆಲ್ಲ 'ಕೆನ್ನೆ ಮಾಮ'ಗಳು. ನೆಗಡಿ, ಬಾಯಿಹುಣ್ಣು, ಹಲ್ಲುನೋವು ಯಾವುದೇ ಇರಲಿ, ಕೆನ್ನೆಯ ಮೇಲೆ ನಂಬಿಕೆ ಇಲ್ಲದ ದಿನ ಪರೀಕ್ಷೆಗೆ ಕೂರಬಾರದು. ಅದಕ್ಕಾಗಿಯೇ ಪರೀಕ್ಷೆಯಿಂದ ಮಾತ್ರ ಬಿಡುವು ಕೊಡುವ 'ಕೆನ್ನೆ ರಜೆ' ಎಂಬ ರಜೆ ಇದೆ. ಇಪ್ಪತ್ತಾರು ವರ್ಷಗಳಲ್ಲಿ ನಾನು ಅದನ್ನು ಒಂದೇ ಒಂದು ದಿನವೂ ತೆಗೆದುಕೊಂಡಿರಲಿಲ್ಲ. ಅದಕ್ಕಾಗಿ ಈ ಘಟನೆ ನಡೆದ ವರ್ಷ ಕಚೇರಿಯಲ್ಲಿ ನನಗೆ ಶಾಲು ಹೊದಿಸುವವರಿದ್ದರು. ಶಾಲು ಯಾವ ಬಣ್ಣದ್ದಿರಬಹುದು ಎಂದು ನಾನು ಆಗಾಗ ಯೋಚಿಸುತ್ತಿದ್ದೆ. ಇದನ್ನು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಆ ಸೋಮವಾರ ಎಡಗಡೆಯ ಕೊನೆಯ ದವಡೆಹಲ್ಲು ಕೀಳಿಸಿಕೊಂಡೆ. ಇಂಜೆಕ್ಷನ್ ಕೊಟ್ಟ ಡಾಕ್ಟರು, ಸಂಜೆಯೊಳಗೆ ಜೋಮು ಬಿಡುತ್ತದೆ ಎಂದರು. ಮಂಗಳವಾರ ಬೆಳಿಗ್ಗೆ ಕೆನ್ನೆಯಲ್ಲಿ ಏನೋ ಚುಮುಚುಮು ಅನ್ನಿಸಿತು. ಬಿಟ್ಟಿತು ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಬೇಕಾಗಿತ್ತು. ಅಂದು ಮೇಜಿನ ಮೇಲೆ ಅರವತ್ತನಾಲ್ಕು ಪೆಂಗ್ವಿನ್‌ಗಳಿದ್ದವು. ಹೊಟ್ಟೆ ಒತ್ತಿದರೆ ಕಣ್ಣು ಮಿನುಗಿಸಿ, ಎಡಕ್ಕೂ ಬಲಕ್ಕೂ ವಾಲುತ್ತ ನಡೆದು, ತಿಳಿಯದ ಭಾಷೆಯಲ್ಲಿ ಹಾಡುವಂಥವು. ವೈರು ಚುಚ್ಚಿ ಚಾರ್ಜು ಮಾಡಬೇಕು. ಒಂದೊಂದನ್ನೂ ಕೆನ್ನೆಗೆ ಒತ್ತಿ ಎಣಿಸಿದೆ. ಒಂದೂ ನೋಯಿಸಲಿಲ್ಲ. ಅಷ್ಟೊಂದು ಆಟಿಕೆಗಳಲ್ಲಿ ಒಂದೂ ಚಿವುಟದೆ ಇದ್ದದ್ದನ್ನು ನಾನು ಇಪ್ಪತ್ತಾರು ವರ್ಷಗಳಲ್ಲಿ ಕಂಡಿರಲಿಲ್ಲ. ಅನುಮಾನ ಬರಬೇಕಾದ ಜಾಗ ಅದು. ನಾನಾದರೋ, ಎಷ್ಟು ಮುತುವರ್ಜಿಯಿಂದ ಮಾಡಿದ್ದಾರಲ್ಲ ಎಂದು ಆ ಕಾರ್ಖಾನೆಯವರನ್ನು ಹೊಗಳಿ ಮುದ್ರೆ ಒತ್ತಿದೆ. ಆ ವಾರ ಮತ್ತೆ ಆಟಿಕೆಯ ಮಾಲು ಬರಲಿಲ್ಲ. ಕನ್ನಡಿಯಲ್ಲಿ ನೋಡಿಕೊಂಡಾಗ ಕೆನ್ನೆ ಕಲೆಯಿಲ್ಲದೆ ಶುಭ್ರವಾಗಿತ್ತು. ಉಪ್ಪಿಟ್ಟಿಗೂ ಮುಂಚಿನ ಮುಖ ವಾಪಸು ಬಂದಿದೆ ಎಂದು ಖುಷಿಪಟ್ಟೆ.

ಶನಿವಾರ ಕ್ಷೌರದ ಅಂಗಡಿಯ ಈರಣ್ಣ ನನ್ನ ಎಡಗೆನ್ನೆಯ ಮೇಲೆ ಕತ್ತಿ ಎಳೆಯುತ್ತಿದ್ದವನು ತಟ್ಟನೆ ನಿಂತ. ಕನ್ನಡಿಯಲ್ಲಿ ಸೋಪಿನ ನೊರೆ ಕೆಂಪಾಗಿತ್ತು. "ಅಯ್ಯೋ ಸಾರ್, ಕತ್ತಿ ತಾಗ್ಬಿಡ್ತು. ನೀವು ಅಲುಗಾಡ್ಲೇ ಇಲ್ವಲ್ಲ!" ಎಂದ. ನಾನು ಬೆರಳಿಟ್ಟು ನೋಡಿದೆ. ಬೆರಳಿಗೆ ಕೆನ್ನೆ ಸಿಕ್ಕಿತು, ಕೆನ್ನೆಗೆ ಬೆರಳು ಸಿಗಲಿಲ್ಲ. ನೊರೆ ಒರೆಸಿಕೊಳ್ಳದೆ ಆಟಿಕೆ ಅಂಗಡಿಗೆ ಓಡಿದೆ. ಪೆಂಗ್ವಿನ್‌ಗಳಿದ್ದ ಕಪಾಟು ಖಾಲಿಯಾಗಿತ್ತು. ಯಾವ ಆಟಿಕೆ ಯಾವ ಮನೆಗೆ ಹೋಯಿತು ಎಂದು ಬರೆದಿಡುವ ಪದ್ಧತಿ ನಮ್ಮಲ್ಲಿ ಇರುವುದರಿಂದ ಅರವತ್ತನಾಲ್ಕು ಮನೆಗಳ ಪಟ್ಟಿ ಕೈಗೆ ಬಂತು.

ಕೊಟ್ಟ ಆಟಿಕೆಯನ್ನು ವಾಪಸು ತರುವುದು ನಮ್ಮೂರಿನಲ್ಲಿ ಸುಲಭವಲ್ಲ. ಮಗು ತಾನಾಗಿ ತನ್ನ ಕೈಯಿಂದ ಕೊಡಬೇಕು. ಕಿತ್ತುಕೊಂಡರೆ, ಅದರಿಂದ ಆಗಬೇಕಿದ್ದ ಗಾಯ ಬೇರೆ ಯಾವುದಾದರೂ ವಸ್ತುವನ್ನು ಹಿಡಿದು ಅದೇ ಮಗುವನ್ನು ಹುಡುಕಿಕೊಂಡು ಬರುತ್ತದೆ. ಹಿಂದೊಮ್ಮೆ ಒಬ್ಬ ಅಪ್ಪ ಮಗನ ನೀಲಿ ರೈಲನ್ನು ಕಸಿದು ಬಾವಿಗೆ ಎಸೆದಿದ್ದ. ಎರಡು ದಿನ ಬಿಟ್ಟು, ರೈಲು ಹಿಡಿದಿದ್ದ ಹುಡುಗನ ಕೈ ಅನ್ನದ ಗಂಜಿಯಲ್ಲಿ ಬೆಂದಿತು. ಆಮೇಲೆ ಯಾರೂ ಕಸಿಯುವ ಸಾಹಸ ಮಾಡಿಲ್ಲ. ಮಗು ಏನು ಕೇಳಿದರೆ ಅದನ್ನು ಕೊಟ್ಟು ಒಪ್ಪಿಸಬೇಕು.

ನಾನು ಮೊದಲು ಮಾಡಬೇಕಾಗಿದ್ದದ್ದು ಕಚೇರಿಗೆ ಹೋಗಿ ನಡೆದದ್ದನ್ನು ಹೇಳುವುದು. ಮಾಡಲಿಲ್ಲ. ಕೆನ್ನೆ ಸತ್ತವರನ್ನು ಮುಂಬಾಗಿಲ ಕಿಟಕಿಗೆ ಹಾಕಿ, ಬಂದವರ ಕಾಗದಗಳಿಗೆ ಮುದ್ರೆ ಒತ್ತಿಸುತ್ತಾರೆ. ಶಾಲಂತೂ ಇಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ನಾನೇ ಸದ್ದಿಲ್ಲದೆ ಎಲ್ಲವನ್ನೂ ವಾಪಸು ತಂದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ ಎಂದು ಲೆಕ್ಕ ಹಾಕಿದೆ. ಭಾನುವಾರ ಬೆಳಿಗ್ಗೆ ಸೈಕಲ್ಲಿಗೆ ಎರಡು ಚೀಲ ಕಟ್ಟಿಕೊಂಡು ಹೊರಟೆ. "ಡಬ್ಬಿಯ ಮೇಲಿನ ಚೀಟಿ ತಪ್ಪಾಗಿದೆ, ಮಾಲು ವಾಪಸು ಕಳಿಸಬೇಕು" ಎಂದು ಮನೆಮನೆಯಲ್ಲೂ ಒಂದೇ ಸುಳ್ಳು. ಒಬ್ಬ ಹುಡುಗ ನನ್ನ ಸೈಕಲ್ಲಿನ ಗಂಟೆ ಕೇಳಿದ, ಬಿಚ್ಚಿ ಕೊಟ್ಟೆ. ಅವಳಿ ಮಕ್ಕಳಿಬ್ಬರು ಒಂದು ಪೆಂಗ್ವಿನ್‌ಗೆ ಎರಡು ಗಾಳಿಪಟ ಕೇಳಿದರು. ಇನ್ನೊಂದು ಹುಡುಗಿ, ನಾನು ಅಂಗಳದ ಈ ತುದಿಯಿಂದ ಆ ತುದಿಯವರೆಗೆ ಪೆಂಗ್ವಿನ್ನಿನ ಹಾಗೆ ನಡೆದರೆ ಮಾತ್ರ ಕೊಡುವುದಾಗಿ ಹೇಳಿದಳು. ನಡೆದೆ. ಸೋಮವಾರ ಮಧ್ಯಾಹ್ನದ ಹೊತ್ತಿಗೆ ಅರವತ್ಮೂರು ಪೆಂಗ್ವಿನ್‌ಗಳು ಸಿಕ್ಕಿದ್ದವು. ಯಾವ ಮಗುವಿಗೂ ಏನೂ ಆಗಿರಲಿಲ್ಲ. ಉಳಿದದ್ದು ಒಂದು, ಐಸ್ ಫ್ಯಾಕ್ಟರಿ ಹಿಂದಿನ ಸಾಲುಮನೆಯ ಟೈಲರ್ ಯಮುನಕ್ಕನ ಮಗಳ ಬಳಿ.

ಯಮುನಕ್ಕ ಬಾಗಿಲ ಬಳಿ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದಳು. ಮಗಳು ಸುವ್ವಿಗೆ ಆರು ವರ್ಷ. ಮುಂದಿನ ಎರಡು ಹಲ್ಲು ಇರಲಿಲ್ಲ. ಪೆಂಗ್ವಿನ್ನಿಗೆ ಬಟ್ಟೆಯ ಚೂರಿನಿಂದ ಅಂಗಿ ಹೊಲಿಸಿ ಹಾಕಿ, ಬಗಲಲ್ಲಿ ಇಟ್ಟುಕೊಂಡಿದ್ದಳು. ಅದಕ್ಕೆ ಬೋಂಡಾ ಎಂದು ಹೆಸರಿಟ್ಟಿದ್ದಳು. ನಾನು ಚೀಟಿಯ ಕಥೆ ಹೇಳಿದೆ. ಸುವ್ವಿ ಒಳಗೆ ಹೋಗಿ ಖಾಲಿ ಡಬ್ಬಿ ತಂದು ನನ್ನ ಮುಂದಿಟ್ಟಳು.

"ಚೀಟಿ ಡಬ್ಬಿ ಮೇಲೆ ತಾನೆ ಇರೋದು? ಡಬ್ಬಿ ತಗೊಂಡ್ಹೋಗಿ. ಬೋಂಡಾ ಇಲ್ಲೇ ಇರತ್ತೆ."

ಅರವತ್ಮೂರು ಮನೆಗಳಲ್ಲಿ ಯಾರಿಗೂ ಹೊಳೆಯದ ಮಾತು. ಬದಲಿಗೆ ಕರಡಿ ಕೊಡುತ್ತೇನೆ, ಕಾರು ಕೊಡುತ್ತೇನೆ ಎಂದೆ. ಅವಳು ಕೇಳಿಸಿಕೊಳ್ಳಲಿಲ್ಲ. "ಬೋಂಡಾಗೆ ಸುಸ್ತಾಗಿದೆ ಮಾಮ, ಹಾಡ್ತಾ ಇಲ್ಲ. ಇವತ್ತು ಮೊದಲನೇ ಸಲ ಚಾರ್ಜಿಗೆ ಹಾಕ್ತೀನಿ. ಹಾಕಿ ಪಕ್ಕದಲ್ಲೇ ಮಲ್ಕೋತೀನಿ. ಒಂದೇ ಇದ್ರೆ ಅದಕ್ಕೆ ಭಯ ಆಗತ್ತಲ್ವಾ?" ಎಂದಳು.

ಯಮುನಕ್ಕ ತಂದುಕೊಟ್ಟ ಟೀ ಗ್ಲಾಸನ್ನು ತುಟಿಗಿಟ್ಟೆ. ಸುವ್ವಿ ನನ್ನ ಮುಖವನ್ನೇ ನೋಡುತ್ತಿದ್ದವಳು, "ಮಾಮ, ನಿಮ್ ಬಾಯಿ ಸೋರ್ತಾ ಇದೆ" ಎಂದಳು. ಎಡಗಡೆಯಿಂದ ಟೀ ಇಳಿದು ಅಂಗಿಯ ಮೇಲೆ ಬೀಳುತ್ತಿತ್ತು. ನನಗೆ ಗೊತ್ತೇ ಆಗಿರಲಿಲ್ಲ. ಯಮುನಕ್ಕ ಬಟ್ಟೆ ತರಲು ಒಳಗೆ ಹೋದಳು. ಮಗು ಹತ್ತಿರ ಬಂದು ಒಂದು ಬೆರಳಿನಿಂದ ನನ್ನ ಎಡಗೆನ್ನೆ ಒತ್ತಿತು. ಆಮೇಲೆ ಚಿವುಟಿತು. ನಾನು ಸುಮ್ಮನೆ ನೋಡುತ್ತಿದ್ದೆ.

"ನೋವಾಗಲ್ವಾ?"

"ಇಲ್ಲ ಪುಟ್ಟಾ."

"ಕೆನ್ನೆ ಮಾಮಂಗೆ ಕೆನ್ನೇನೇ ಕೆಲಸ ಮಾಡಲ್ವಾ?"

ಆ ಕಣ್ಣುಗಳ ಮುಂದೆ ಚೀಟಿಯ ಕಥೆ ನಿಲ್ಲಲಿಲ್ಲ. ಹಲ್ಲು ಕೀಳಿಸಿದ್ದು, ಜೋಮು ಬಿಡದೆ ಇದ್ದದ್ದು, ಅರವತ್ತನಾಲ್ಕನ್ನೂ ಕುರುಡಾಗಿ ಬಿಟ್ಟದ್ದು, ಎಲ್ಲವನ್ನೂ ಹೇಳಿದೆ. ಇವುಗಳಲ್ಲಿ ಯಾವುದೋ ಒಂದು ಯಾವುದೋ ಮಗುವಿಗೆ ಕೆಟ್ಟದು ಮಾಡಬಹುದು, ಯಾವುದು ಎಂದು ನನಗೆ ತಿಳಿಯುವುದಿಲ್ಲ ಎಂದೆ. ಹಿಂದಿನಿಂದ ಪಾತ್ರೆ ಬಿದ್ದ ಸದ್ದಾಯಿತು. ಯಮುನಕ್ಕ ಒಳಬಾಗಿಲಲ್ಲಿ ನಿಂತಿದ್ದಳು. "ನೇಮಣ್ಣ, ನೀವಾ?" ಎಂದಳು. ಬೈದಿದ್ದರೆ ಸಹಿಸಿಕೊಳ್ಳಬಹುದಿತ್ತು. ಅವಳು ಒಂದೇ ನೆಗೆತಕ್ಕೆ ಮಗಳ ಬಳಿ ಬಂದು ಪೆಂಗ್ವಿನ್ನಿಗೆ ಕೈಹಾಕಲು ಹೋದಳು. "ಬೇಡ ಯಮುನಕ್ಕ, ಕಿತ್ಕೋಬೇಡಿ!" ಎಂದು ಕೂಗಿದೆ. ಅವಳ ಕೈ ಗಾಳಿಯಲ್ಲೇ ನಿಂತಿತು. ಆ ಕೈಯನ್ನು ಅವಳು ಇನ್ನೊಂದು ಕೈಯಿಂದ ಹಿಡಿದು ಕೆಳಗಿಳಿಸಿದಳು.

ಸುವ್ವಿ ಬೋಂಡಾನನ್ನು ಎದೆಗವಚಿಕೊಂಡು ಗೋಡೆಗೆ ಒರಗಿದ್ದಳು. "ನಿಮ್ ಟೀಚರ್‌ಗೆ ಹೇಳಿದ್ರಾ?" ಎಂದು ಕೇಳಿದಳು.

"ನಮ್ಮ ಮೇಡಂಗಾ? ಇಲ್ಲ."

"ಯಾಕೆ?"

"ಬೈತಾರೆ."

ಇದು ಅವಳಿಗೆ ಚೆನ್ನಾಗಿ ಅರ್ಥವಾಯಿತು. ತಲೆಯಾಡಿಸಿದಳು. "ನಾನು ಸ್ಲೇಟು ಒಡೆದಾಗ್ಲೂ ಹೇಳಿರ್ಲಿಲ್ಲ. ಆಮೇಲೆ ಹೇಳ್ದೆ. ಹೊಟ್ಟೆನೋವು ಹೋಯ್ತು. ನೀವು ಹೋಗಿ ಹೇಳಿ ಬನ್ನಿ. ಆಗ ಬೋಂಡಾನ ಕೊಡ್ತೀನಿ. ಅಲ್ಲೀವರ್ಗೂ ಚಾರ್ಜಿಗೆ ಹಾಕಲ್ಲ. ದೇವ್ರಾಣೆ."

ಸೈಕಲ್ಲಿನ ಗಂಟೆ, ಗಾಳಿಪಟ, ಪೆಂಗ್ವಿನ್ ನಡಿಗೆ, ಇವೆಲ್ಲಕ್ಕಿಂತ ದೊಡ್ಡದನ್ನು ಕೇಳಿದವಳು ಅವಳೊಬ್ಬಳೇ. ನಾನು ಸೈಕಲ್ ಹತ್ತಿದೆ. ಗಂಟೆ ಇಲ್ಲದ್ದರಿಂದ ಮೀನು ಮಾರುಕಟ್ಟೆಯಲ್ಲಿ ಬಾಯಲ್ಲೇ "ಸರೀರಿ, ಸರೀರಿ" ಎಂದು ಕೂಗುತ್ತ ಹೋದೆ. ನನ್ನ ತಲೆಯಲ್ಲಿ ಶಾಲು ಇರಲಿಲ್ಲ. ಚಾರ್ಜಿಗೆ ಹಾಕಿದ ಆಟಿಕೆಯ ಪಕ್ಕದಲ್ಲಿ ಮಲಗುವ ಹಲ್ಲಿಲ್ಲದ ಮಗುವಿನ ಮುಖ ಒಂದೇ ಇತ್ತು.

ಲೂಸಿ ಮೇಡಂ ನಮ್ಮ ವಿಭಾಗದ ಮುಖ್ಯಸ್ಥೆ. ನನ್ನ ಜೊತೆಯಲ್ಲೇ ಕೆಲಸಕ್ಕೆ ಸೇರಿದವರು, ನನಗಿಂತ ಹೆಚ್ಚು ಬರೆ ತಿಂದವರು. ನಾನು ಎರಡು ಚೀಲಗಳನ್ನು ಅವರ ಮೇಜಿನ ಮುಂದಿಟ್ಟು ನಿಂತುಕೊಂಡೇ ಹೇಳಿದೆ. ಅವರು ಕನ್ನಡಕ ತೆಗೆದರು.

"ಎಷ್ಟು ದಿನದಿಂದ?"

"ಹೋದ ಮಂಗಳವಾರದಿಂದ. ನನಗೆ ಗೊತ್ತಾಗಿದ್ದು ಶನಿವಾರ."

"ಇವತ್ತು ಸೋಮವಾರ ಮಧ್ಯಾಹ್ನ. ಎರಡು ದಿನ! ಒಂದು ಶಾಲಿಗೋಸ್ಕರ ಮಕ್ಕಳ ಮೈ ಒತ್ತೆ ಇಟ್ರಲ್ಲ, ನೇಮಿರಾಜ್. ಇಪ್ಪತ್ತಾರು ವರ್ಷ ನಿಮ್ಮನ್ನ ನೋಡಿ ಹೊಸಬರಿಗೆಲ್ಲ ಪಾಠ ಹೇಳ್ತಿದ್ದೆ. ನಾಳೆಯಿಂದ ಏನು ಹೇಳ್ಲಿ?" ಎಂದರು. ಆಮೇಲೆ ತಾವೇ ಚೀಲಕ್ಕೆ ಕೈಹಾಕಿ ಮೊದಲ ಪೆಂಗ್ವಿನ್ನನ್ನು ಕೆನ್ನೆಗೆ ಒತ್ತಿಕೊಂಡರು. ನಾನು ಒಂದೊಂದಾಗಿ ಎತ್ತಿಕೊಟ್ಟೆ, ಒಂದೊಂದಾಗಿ ಇಸಿದುಕೊಂಡೆ. ಅರವತ್ಮೂರರಲ್ಲಿ ಎರಡು ಚಿವುಟಿದವು. ಒಂದರ ರೆಕ್ಕೆಯ ಅಂಚು ಹರಿತವಾಗಿತ್ತು, ಇನ್ನೊಂದರ ಹಾಡು ಕಿವಿಗೆ ಜೋರಾಗಿತ್ತು. "ಇವೆರಡೂ ಸಣ್ಣವು. ಉಳಿದಿರೋದನ್ನ ನೋಡೋಣ, ನಡೀರಿ" ಎಂದು ಎದ್ದರು.

ಸಾಲುಮನೆಗೆ ಬಂದಾಗ ಯಮುನಕ್ಕನ ಮಿಷನ್ ನಿಂತಿತ್ತು. ಅವಳು ಚಾರ್ಜಿನ ವೈರನ್ನು ಮುಷ್ಟಿಯಲ್ಲಿ ಸುತ್ತಿಕೊಂಡು ಮಗಳ ಎದುರು ಕೂತಿದ್ದಳು. ಅಷ್ಟು ಹೊತ್ತೂ ಹಾಗೆಯೇ ಕೂತಿದ್ದಳೆಂದು ಕಾಣುತ್ತದೆ. ಸುವ್ವಿ ನನ್ನನ್ನು ಬಿಟ್ಟು ಲೂಸಿ ಮೇಡಂ ಕಡೆ ನೋಡಿದಳು.

"ಮಾಮ ಹೇಳಿದ್ರಾ?"

"ಹೇಳಿದ್ರು."

"ನೀವು ಬೈದ್ರಾ?"

"ಬೈದೆ."

"ತುಂಬಾ?"

"ತುಂಬಾನೇ."

ಸುವ್ವಿ ನನ್ನ ಕಡೆ ತಿರುಗಿ ಸಮಾಧಾನದ ಮುಖ ಮಾಡಿದಳು. ಬೋಂಡಾನ ಅಂಗಿ ಸರಿಮಾಡಿ, ಕೊಕ್ಕಿಗೆ ಮುತ್ತು ಕೊಟ್ಟು, ಎರಡೂ ಕೈಯಿಂದ ನನ್ನ ಕೈಗಿತ್ತಳು. ನಾನು ಅದನ್ನು ಮೇಡಂಗೆ ಕೊಟ್ಟೆ. ಅವರು ಕಣ್ಣು ಮುಚ್ಚಿ ಎಣಿಸತೊಡಗಿದರು. ಏಳು ಎನ್ನುವಷ್ಟರಲ್ಲಿ ಹೊಲಿಗೆ ಮಿಷನ್ ಹಿಡಿದು ಹಾಗೇ ನೆಲಕ್ಕೆ ಕೂತರು. ಬಾಯಿಂದ ಒಂದು ಸದ್ದೂ ಬರಲಿಲ್ಲ, ಮಗು ಎದುರಿಗಿತ್ತಲ್ಲ. ಕೆನ್ನೆಯ ಮೇಲೆ ಕೆಂಪು ಹಬ್ಬುತ್ತ ಹಬ್ಬುತ್ತ ಕಣ್ಣಿನ ರೆಪ್ಪೆಯವರೆಗೂ ಹೋಯಿತು. ಯಮುನಕ್ಕ ಅದನ್ನು ನೋಡಿದಳು. ನೋಡಿ, ಮಗಳನ್ನು ಸೆರಗಿನೊಳಗೆ ಎಳೆದುಕೊಂಡು ಗೋಡೆಯ ಕಡೆ ತಿರುಗಿ ಕೂತಳು. ಆ ನೋವು ನನಗೆ ಬರಬೇಕಿತ್ತು. ನನ್ನ ಜೀವಮಾನದಲ್ಲಿ ನಾನು ಒಂದು ನೋವಿಗಾಗಿ ಅಷ್ಟು ಆಸೆಪಟ್ಟದ್ದಿಲ್ಲ.

"ಬೋಂಡಾನ ಕಸದ ಡಬ್ಬಿಗೆ ಹಾಕ್ತೀರಾ?" ಸೆರಗಿನೊಳಗಿಂದ ಧ್ವನಿ ಬಂತು.

"ಹಾಕಲ್ಲ ಮಗಳೇ. ಅದರ ಹೊಟ್ಟೆ ಕೆಟ್ಟಿದೆ, ಬ್ಯಾಟರಿ ತೆಗೀತೀವಿ. ಆಮೇಲೆ ಅದು ನಮ್ಮ ಕಚೇರೀಲೇ ಇರತ್ತೆ. ನೀನು ಬಂದು ನೋಡ್ಬಹುದು" ಎಂದರು ಲೂಸಿ ಮೇಡಂ, ಅರ್ಧ ಮುಚ್ಚಿದ ಕಣ್ಣಿನಲ್ಲಿ ನಗುತ್ತ.

ಹೀಗೆ ನಾನು ಮುಂಬಾಗಿಲ ಕಿಟಕಿಗೆ ಬಂದೆ. ಇಪ್ಪತ್ತಾರು ವರ್ಷಗಳಲ್ಲಿ ಮೊದಲ ಬಾರಿ ಕೆನ್ನೆ ರಜೆಯ ಅರ್ಜಿ ಬರೆದೆ. ಎಷ್ಟು ದಿನ ಎಂಬಲ್ಲಿ ಏನೂ ಬರೆಯದೆ ಬಿಟ್ಟೆ, ಯಾಕೆಂದರೆ ಡಾಕ್ಟರಿಗೂ ಗೊತ್ತಿರಲಿಲ್ಲ. ನರ ಚಿಗುರಿದರೆ ಚಿಗುರಿತು, ಇಲ್ಲದಿದ್ದರೆ ಇಲ್ಲ ಎಂದರು. ಶಾಲನ್ನು ಪ್ರೆಷರ್ ಕುಕ್ಕರ್ ವಿಭಾಗದ ಒಬ್ಬರಿಗೆ ಹೊದಿಸಿದರು. ಕಂದು ಬಣ್ಣದ್ದು. ನಾನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ. ಬ್ಯಾಟರಿ ತೆಗೆದ ಮೇಲೆ ಬೋಂಡಾ ಯಾರ ಕೆನ್ನೆಯನ್ನೂ ನೋಯಿಸಲಿಲ್ಲ. ಆದರೂ ಒಮ್ಮೆ ತಡೆದದ್ದನ್ನು ಕಚೇರಿಯಿಂದ ಹೊರಗೆ ಬಿಡುವಂತಿಲ್ಲವಾದ್ದರಿಂದ ಅದು ಹೂವಿನ ಅಂಗಿ ತೊಟ್ಟು ನನ್ನ ಮೇಜಿನ ಮೇಲೆ ಕೂತಿತು.

ಸುವ್ವಿ ಪ್ರತಿ ಗುರುವಾರ ಶಾಲೆ ಬಿಟ್ಟ ಮೇಲೆ ಬರುತ್ತಿದ್ದಳು. ಬೋಂಡಾನ ಅಂಗಿ ಬದಲಿಸುವುದು ಮೊದಲ ಕೆಲಸ. ಆಮೇಲೆ ನನ್ನ ಸ್ಟೂಲು ಎಳೆದು, ಅದರ ಮೇಲೆ ನಿಂತು, ಕೆನ್ನೆ ಚಿವುಟಿ "ನೋವಾಯ್ತಾ?" ಎಂದು ಕೇಳುವುದು. "ಇಲ್ಲ" ಎನ್ನುತ್ತಿದ್ದೆ. "ಮುಂದಿನ ವಾರ ನೋಡೋಣ" ಎಂದು ಡಾಕ್ಟರಂತೆ ಹೇಳಿ ಇಳಿಯುತ್ತಿದ್ದಳು. ಅವಳಿಗೆ ಒಂದು ಹಲ್ಲು ಬಂತು, ಮತ್ತೊಂದು ಬಂತು, ಪಕ್ಕದ್ದು ಬಿತ್ತು. ಅವಳಿಗೆಂದು ಡ್ರಾಯರಿನಲ್ಲಿ ಕಡಲೆಮಿಠಾಯಿ ಇಡುವ ಅಭ್ಯಾಸವಾಯಿತು. ಬುಧವಾರ ಸಂಜೆಯಿಂದಲೇ ನನಗೆ ಗುರುವಾರ ಶುರುವಾಗುತ್ತಿತ್ತು.

ಹದಿನೇಳನೆಯ ಗುರುವಾರ ಬೆಳಿಗ್ಗೆ ಈರಣ್ಣ ಕ್ಷೌರ ಮುಗಿಸಿ ಕೆನ್ನೆಗೆ ಪಟಿಕದ ಕಲ್ಲು ಉಜ್ಜಿದ. ಚುರ್ ಎಂದಿತು. ಇನ್ನೊಮ್ಮೆ ಉಜ್ಜು ಎಂದೆ. ಮತ್ತೆ ಚುರ್ ಎಂದಿತು. ಕುರ್ಚಿಯಿಂದ ಎದ್ದವನು ಖುಷಿಯಲ್ಲಿ ರಸ್ತೆಗೆ ಬಂದೆ. ನಾಲ್ಕು ಹೆಜ್ಜೆ ಇಟ್ಟಿದ್ದೆನೋ ಇಲ್ಲವೋ, ಮನಸ್ಸು ಸಪ್ಪಗಾಯಿತು. ಕೆನ್ನೆ ಬಂತು ಎಂದರೆ ನಾನು ಮತ್ತೆ ಪರೀಕ್ಷೆಯ ಒಳಕೋಣೆಗೆ. ಅಲ್ಲಿಗೆ ಮಕ್ಕಳನ್ನು ಬಿಡುವುದಿಲ್ಲ, ಅಲ್ಲಿ ನಾವು ನೋವಿಗೆ ಕೂಗುವುದನ್ನು ಮಕ್ಕಳು ಕೇಳಬಾರದು. ಇನ್ನೊಂದು ತಿಂಗಳು ಸುಮ್ಮನಿದ್ದರೆ ಯಾರಿಗೆ ನಷ್ಟ? ಈ ಸಲ ಯಾವ ಆಟಿಕೆಯೂ ನನ್ನ ಕೈದಾಟಿ ಹೋಗುವುದಿಲ್ಲವಲ್ಲ. ಕಚೇರಿ ಸೇರುವಷ್ಟರಲ್ಲಿ 'ಇಲ್ಲ' ಎನ್ನುವುದೆಂದು ತೀರ್ಮಾನಿಸಿಬಿಟ್ಟಿದ್ದೆ.

ಸಂಜೆ ಅವಳು ಬಂದಳು. ಅಂಗಿ ಬದಲಿಸಿದಳು. ಸ್ಟೂಲು ಹತ್ತಿದಳು. ಚಿವುಟಿದಳು. ನೋವು ಕೆನ್ನೆಯಿಂದ ಕಿವಿಯವರೆಗೂ ಹರಿಯಿತು.

"ನೋವಾಯ್ತಾ?"

'ಇಲ್ಲ' ನಾಲಿಗೆಯ ತುದಿಯಲ್ಲಿತ್ತು. ಅವಳು ಕಾಯುತ್ತಿದ್ದಳು. ಅಂದು ಗೋಡೆಗೊರಗಿ 'ನಿಮ್ ಟೀಚರ್‌ಗೆ ಹೇಳಿದ್ರಾ' ಎಂದು ಕೇಳಿದ್ದ ಅದೇ ಮುಖ.

"ಆಯ್ತು" ಎಂದೆ.

ಅವಳು ನಂಬಲಿಲ್ಲ. ಹದಿನಾರು ವಾರ 'ಇಲ್ಲ' ಕೇಳಿದ್ದವಳು. ಪೂರ್ತಿ ಬಲ ಹಾಕಿ, ಉಗುರು ಸೇರಿಸಿ, ಮತ್ತೊಮ್ಮೆ ಚಿವುಟಿದಳು. "ಅಯ್ಯಮ್ಮಾ!" ಎಂದು ನಾನು ಕೂಗಿದ್ದಕ್ಕೆ ಇಡೀ ಕಚೇರಿ ಎದ್ದು ನಿಂತಿತು. ಲೂಸಿ ಮೇಡಂ ಒಳಕೋಣೆಯಿಂದ ಓಡಿಬಂದರು. ಯಾರೋ ಚಪ್ಪಾಳೆ ತಟ್ಟಿದರು.

ಸುವ್ವಿ ಮಾತ್ರ ನಗಲಿಲ್ಲ. ಅವಳ ಕಣ್ಣು ತುಂಬಿ ಬಂತು. "ನಾನು ನೋಯಿಸ್ಬಿಟ್ನಾ ಮಾಮ?" ಎಂದಳು. ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಚಿವುಟಿದ ಜಾಗಕ್ಕೆ ಬಾಯಿ ಹತ್ತಿರ ತಂದು, ಉಫ್ ಉಫ್ ಎಂದು ಊದತೊಡಗಿದಳು. ಬಿದ್ದ ಹಲ್ಲಿನ ಸಂದಿಯಿಂದ ಗಾಳಿ ಜೊತೆಗೆ ಸ್ವಲ್ಪ ಎಂಜಲೂ ಬಂತು. ಊರಿನ ಮಕ್ಕಳಿಗೆ ಆಗಬೇಕಿದ್ದ ಸುಟ್ಟ ಗಾಯಗಳನ್ನೂ ಕೊಯ್ದ ಗಾಯಗಳನ್ನೂ ಇಪ್ಪತ್ತಾರು ವರ್ಷ ತಿಂದ ಕೆನ್ನೆ ಅದು. ಅದಕ್ಕೆ ಐಸು ಸಿಕ್ಕಿತ್ತು, ಮುಲಾಮು ಸಿಕ್ಕಿತ್ತು. ಯಾರೂ ಊದಿರಲಿಲ್ಲ.

"ಈಗ ಹೋಯ್ತಾ?" ಎಂದು ಕೇಳಿದಳು.

ಹೋಗಿತ್ತು. ಆದರೂ ಅವಳಿಗೆ ಒಂದು ಕೊನೆಯ ಸುಳ್ಳು ಹೇಳಿದೆ.

"ಇಲ್ಲ" ಎಂದೆ. "ಇನ್ನೊಂದ್ಸಲ ಊದು."